ಡೈನಮೋ ಬಿಚ್ಚುವ ಮೊದಲು ಅರ್ತ್ ಅಳೆದೆ

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಗಳಿಂದ ನನ್ನ ಗ್ಯಾರೇಜಿಗೆ ಬರುವ ಚಾರ್ಜಿಂಗ್ ದೂರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಡೈನಮೋ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್) ಕಾರಣವೇ ಅಲ್ಲ. ಇದನ್ನು ಹೇಳುತ್ತಾ ಬಂದು ವರ್ಷಗಳಾದವು, ಒಪ್ಪಿದವರು ಕಡಿಮೆ. ಕಳೆದ ಮಳೆಗಾಲದಲ್ಲಿ ಬಂದ ಒಂದು ಡೀಸೆಲ್ ಪಿಕಪ್ ನನ್ನ ಮಾತನ್ನು ಉಳಿಸಿತು.

ಗಾಡಿ ಪೆರ್ಲದ ಅಡಿಕೆ ಕೃಷಿಕರೊಬ್ಬರದು. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಮಂಗಳೂರಿಗೆ ಹೋಗಿ ಬಂದರೆ ಬೆಳಿಗ್ಗೆ ಸ್ಟಾರ್ಟರ್ ಬರೇ ಕಟಕಟ ಎನ್ನುತ್ತಿತ್ತು. ಬ್ಯಾಟರಿ ತುಂಬಿದ್ದಾಗಲೂ ಸೋತಂತೆ ತಿರುಗುತ್ತಿತ್ತು. ನನ್ನಲ್ಲಿಗೆ ಬರುವ ಮೊದಲೇ ಬೇರೆ ಕಡೆ ಎರಡು ಬ್ಯಾಟರಿ, ಒಂದು ರಿಪೇರಿಯ ಡೈನಮೋ ಹಾಕಿಸಿ ಹದಿನೆಂಟು ಸಾವಿರದ ಆಸುಪಾಸು ಕಳೆದುಕೊಂಡಿದ್ದರು.

ಐಡಲಿನಲ್ಲಿ ಬ್ಯಾಟರಿ ಮೇಲೆ ಮೀಟರ್ ಇಟ್ಟರೆ 13.9 ವೋಲ್ಟ್. ಹೆಚ್ಚಿನವರು ಇಷ್ಟಕ್ಕೇ ಮೀಟರ್ ಎತ್ತಿಡುತ್ತಾರೆ. ನಾನು ಹೈಬೀಮ್, ಬ್ಲೋವರ್, ಇದ್ದಬದ್ದ ದೀಪ ಎಲ್ಲವನ್ನೂ ಹಾಕಿಸಿ 2,000 ಆರ್‌ಪಿಎಂನಲ್ಲಿ ನಿಲ್ಲಿಸಿದೆ. ಬ್ಯಾಟರಿ 12.9ಕ್ಕೆ ಇಳಿಯಿತು. ಅದೇ ಹೊತ್ತಿನಲ್ಲಿ ಡೈನಮೋದಿಂದ ಕರೆಂಟ್ ಹೊರಬರುವ ಬಿ ಪ್ಲಸ್ ಬೋಲ್ಟಿಗೂ ಅದರ ಬಾಡಿಗೂ ನಡುವೆ 14.2. ಬಿ ಪ್ಲಸ್‌ನಿಂದ ಬ್ಯಾಟರಿ ಪಾಸಿಟಿವ್‌ವರೆಗೆ ನಷ್ಟ 0.2, ಅದು ಸಹ್ಯ. ಡೈನಮೋ ಬಾಡಿಯಿಂದ ನೆಗೆಟಿವ್ ಪೋಸ್ಟಿಗೆ 1.1!

ಎಂಜಿನನ್ನು ಬ್ಯಾಟರಿಯ ನೆಗೆಟಿವ್‌ಗೆ ಜೋಡಿಸುವ ಅರ್ತ್ ಕೇಬಲ್ ಹೋಗಿದೆ ಎಂದೆ. ಪಕ್ಕದ ಗ್ಯಾರೇಜಿನ ಹಿರಿಯರು, "ಮೀಟರಿನ ಬಜರ್ ಕೂಗುತ್ತಿದೆ, ಓಮ್‌ನಲ್ಲಿಯೂ ಸೊನ್ನೆ. ಸುಮ್ಮನೆ ಹೊತ್ತು ಕಳೆಯಬೇಡ ತಮ್ಮಾ" ಎಂದರು. ಬಜರ್ ಕೂಗುವುದಕ್ಕೆ ಎರಡೆಳೆ ತಾಮ್ರ ಸಾಕು. 50 ಆಂಪಿಯರ್ ಹರಿಯುವಾಗ 0.02 ಓಮ್ ಇದ್ದರೂ ಒಂದು ವೋಲ್ಟ್ ಹೋಗುತ್ತದೆ, ನಮ್ಮ ಕೈಯಲ್ಲಿರುವ ಮೀಟರಿಗೆ ಆ 0.02 ಕಾಣಿಸುವುದೇ ಇಲ್ಲ. ಜಂಪರ್ ಕೇಬಲಿನ ಒಂದು ತುದಿಯನ್ನು ಡೈನಮೋ ಬ್ರಾಕೆಟಿಗೆ, ಇನ್ನೊಂದನ್ನು ನೆಗೆಟಿವ್ ಪೋಸ್ಟಿಗೆ ಹಿಡಿದೆ. ಬ್ಯಾಟರಿ 13.9ಕ್ಕೆ ಏರಿತು, ಹೆಡ್‌ಲೈಟ್ ಬೆಳಗಿತು. ಆ ಹಿರಿಯರು ಮೀಟರನ್ನು ತಾವೇ ಕೈಗೆ ತೆಗೆದುಕೊಂಡು ಮತ್ತೊಮ್ಮೆ ಅಳೆದು ನೋಡಿದರು.

ಕೇಬಲಿನ ಹೊದಿಕೆ ಚೆನ್ನಾಗಿಯೇ ಇತ್ತು. ತುದಿಯ ಲೋಹದ ಕೊಂಡಿ, ಅಂದರೆ ಲಗ್, ಕತ್ತರಿಸಿದರೆ ಒಳಗೆಲ್ಲ ಹಸಿರು ಪುಡಿ. ಹೊಸ ದಪ್ಪ ಕೇಬಲಿಗೂ ಲಗ್ಗಿಗೂ ಮುನ್ನೂರು ರೂಪಾಯಿ ಚಿಲ್ಲರೆ, ಕೂಲಿ ಐನೂರು. ಎರಡನೆಯ ಬ್ಯಾಟರಿ ಈಗಲೂ ಅದೇ ಗಾಡಿಯಲ್ಲಿದೆ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ಡೈನಮೋ ಪರೀಕ್ಷಿಸುವ ರೂಢಿ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಬಿಟ್ಟುಬಿಡಿ. ಆ ಕ್ಷಣದಲ್ಲಿ ವೋಲ್ಟ್ ನೆಗೆದು ಡಯೋಡ್ ಸುಡಬಹುದು, ಗಾಡಿಯ ಕಂಪ್ಯೂಟರ್ ಆದ ಇಸಿಯು ಕೂಡ ಹೋಗಬಹುದು. ಇನ್ನೊಂದು ವಿಷಯ: ಕೆಲವು ಹೊಸ ಕಾರುಗಳಲ್ಲಿ ಇಸಿಯು ತಾನಾಗಿಯೇ ಚಾರ್ಜಿಂಗ್ ಇಳಿಸುತ್ತದೆ. 12.8 ಕಂಡ ಕೂಡಲೇ ಡೈನಮೋಕ್ಕೆ ಕೈ ಹಾಕದೆ ಹೆಡ್‌ಲೈಟ್ ಹಾಕಿ ಕಾದು ನೋಡಿ.

ನಿಂತಲ್ಲೇ ಬ್ಯಾಟರಿ ಇಳಿಯುವ ಗಾಡಿಗಳಲ್ಲಿ ಕರೆಂಟ್ ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಫ್ಯೂಸ್ ಕೀಳುವುದನ್ನೂ ನಿಲ್ಲಿಸಿದ್ದೇನೆ. ಕಿತ್ತು ಮತ್ತೆ ಹಾಕಿದರೆ ಮಲಗಿದ್ದ ಎಲೆಕ್ಟ್ರಾನಿಕ್ ಮಾಡ್ಯೂಲುಗಳು ಎಚ್ಚರಗೊಂಡು ಲೆಕ್ಕವೆಲ್ಲ ತಪ್ಪುತ್ತದೆ. ಬಾಗಿಲು ಮುಚ್ಚಿದೆ ಎಂದು ಗಾಡಿಗೆ ಅನ್ನಿಸುವಂತೆ ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಮಡಚಿ, ಅರ್ಧ ಗಂಟೆ ಬಿಟ್ಟು, ಫ್ಯೂಸಿನ ಮೇಲಿನ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ನೋಡುತ್ತೇನೆ. ಸೊನ್ನೆ ಬಾರದ ಫ್ಯೂಸಿನಲ್ಲಿ ಕರೆಂಟ್ ಹರಿಯುತ್ತಿದೆ. ಒಟ್ಟು ಸೆಳೆತ 50 ಮಿಲಿಆಂಪಿಯರ್ ಒಳಗಿದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಆ ಹಸಿರು ಪುಡಿಯ ಮೇಲಿನ ಸಿಟ್ಟಿಗೆ ಒಂದು ಪ್ರಯೋಗವನ್ನೂ ಮಾಡಿದೆ. ಕೇಬಲ್ ತುಂಡುಗಳಿಗೆ ಲಗ್ ಒತ್ತಿ, ಒಂದನ್ನು ಹಾಗೆಯೇ, ಒಂದಕ್ಕೆ ಗ್ರೀಸ್ ಮೆತ್ತಿ, ಒಂದಕ್ಕೆ ಒಳಗೆ ಗೋಂದಿರುವ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ ಮೊಗ್ರಾಲಿನ ಕಡಲ ಬದಿಯ ಸ್ನೇಹಿತರ ಮನೆಯ ಸೂರಿನ ಹೊರಗೆ ಮಳೆಗಾಲ ಪೂರ್ತಿ ನೇತುಹಾಕಿದೆ. ದೀಪಾವಳಿಯ ಹೊತ್ತಿಗೆ ಬರಿಯ ಲಗ್ ಹಸಿರಾಗಿತ್ತು. ಗ್ರೀಸಿನದು ಹೊರಗೆ ಹೊಳೆಯುತ್ತಿತ್ತು, ಆದರೆ ನೀರು ಎಳೆಗಳ ನಡುವೆ ಏರಿ ಒಳಗೆ ಕಪ್ಪಾಗಿತ್ತು. ಗೋಂದಿನದು ಒಣಗಿಯೇ ಇತ್ತು. ಲಗ್ ಒತ್ತುವ ಮೊದಲು ಎಳೆಗಳಿಗೆ ಏನು ಹಚ್ಚುತ್ತೇನೆ ಎಂಬುದು ಸದ್ಯ ನನ್ನ ಬಳಿಯೇ ಇರಲಿ.

ಈಗ ಅಳೆದು ನೋಡುವುದಕ್ಕೇ ಮುನ್ನೂರು ರೂಪಾಯಿ ಪಡೆಯುತ್ತೇನೆ. ಡೈನಮೋ ಬದಲಿಸಲೆಂದೇ ಬಂದವರೂ ಕೊಡುತ್ತಾರೆ.