ಅರೌಕೇರಿಯಾ ಮತ್ತು ಥೂಜಾ: ಎರಡನ್ನೂ ಬೆಳೆಸಿದ ನನ್ನ ಅನುಭವ

ಬೆಂಗಳೂರಿನ ನರ್ಸರಿಗಳಲ್ಲಿ ‘ಕ್ರಿಸ್‌ಮಸ್ ಗಿಡ’ವೆಂದು ಮಾರುವ ಅರೌಕೇರಿಯಾ ಮತ್ತು ಥೂಜಾ ಗಿಡಗಳನ್ನು ಸಾಮಾನ್ಯವಾಗಿ ಅಕ್ಕಪಕ್ಕದಲ್ಲೇ ಇಟ್ಟಿರುತ್ತಾರೆ. ಎರಡೂ ವರ್ಷವಿಡೀ ಹಸಿರಾಗಿರುವ ಶಂಕುಧಾರಿ ಮರಗಳು. ಕೊಳ್ಳುವ ಹೊತ್ತಿಗೆ ಎರಡೂ ಮೊಣಕಾಲೆತ್ತರ ಇರುವುದರಿಂದ, ಒಂದರ ಜಾಗದಲ್ಲಿ ಇನ್ನೊಂದನ್ನು ನೆಟ್ಟರೂ ನಡೆದೀತೆಂದು ಅನೇಕರು ಭಾವಿಸುತ್ತಾರೆ. ನಗರದ ಉತ್ತರದ ಅಂಚಿನಲ್ಲಿರುವ ನಮ್ಮ ಮನೆಯ ಕೆಮ್ಮಣ್ಣಿನ ಹಿತ್ತಲಿನಲ್ಲಿ ಎರಡನ್ನೂ ಹಲವು ವರ್ಷಗಳಿಂದ ಬೆಳೆಸುತ್ತ ಬಂದಿರುವ ನನಗೆ ಮನದಟ್ಟಾಗಿರುವುದೆಂದರೆ, ಕತ್ತರಿಯ ವಿಷಯದಲ್ಲಿ ಇವೆರಡರ ಸ್ವಭಾವ ಪರಸ್ಪರ ವಿರುದ್ಧವಾಗಿದೆ. ಯಾವುದನ್ನು ಎಲ್ಲಿ ನೆಡಬೇಕೆಂಬುದು ಮುಖ್ಯವಾಗಿ ಅದರಿಂದಲೇ ತೀರ್ಮಾನವಾಗುತ್ತದೆ.

ಇವೆರಡೂ ನಮ್ಮ ನೆಲದವಲ್ಲ. ದಕ್ಷಿಣ ಭಾರತದ ಕಾಡುಗಳಿಗೆ ಸ್ವಂತವಾದ ಶಂಕುಧಾರಿ ಮರವೆಂದರೆ ಪಶ್ಚಿಮ ಘಟ್ಟದ ನಾಗೇಯಾ ಒಂದೇ. ಅದರ ಸಸಿಗಳು ಮನೆತೋಟದವರ ಕೈಗೆ ಸುಲಭವಾಗಿ ಸಿಗುವಂತಾಗಬೇಕೆಂಬುದು ನನ್ನ ಬಹುಕಾಲದ ಆಸೆ. ಥೂಜಾದ ಮೂಲ ಚೀನಾ ಮತ್ತು ಕೊರಿಯಾದ ಕಡೆಯದು. ಹಿಂದೆ ಥೂಜಾ ಓರಿಯೆಂಟಾಲಿಸ್ ಎನಿಸಿಕೊಂಡಿದ್ದ ಅದನ್ನು ಸಸ್ಯಶಾಸ್ತ್ರಜ್ಞರು ಈಗ ಪ್ಲಾಟಿಕ್ಲೇಡಸ್ ಎಂಬ ಬೇರೆ ಕುಲಕ್ಕೆ ಸೇರಿಸಿದ್ದಾರೆ. ಅರೌಕೇರಿಯಾ ಎಂಬ ಹೆಸರಿನಲ್ಲಿ ನಮಗೆ ಸಿಗುವ ಸಸಿ ಎರಡು ಪ್ರಭೇದಗಳಲ್ಲಿ ಯಾವುದಾದರೂ ಒಂದಾಗಿರಬಹುದು: ಆಸ್ಟ್ರೇಲಿಯಾದ ಪೂರ್ವಕ್ಕಿರುವ ನಾರ್ಫೋಕ್ ದ್ವೀಪದ ನಾರ್ಫೋಕ್ ಪೈನ್, ಇಲ್ಲವೇ ನ್ಯೂ ಕ್ಯಾಲೆಡೋನಿಯಾದ ಕುಕ್ ಪೈನ್. ಕ್ಯಾಪ್ಟನ್ ಜೇಮ್ಸ್ ಕುಕ್ 1774ರಲ್ಲಿ ಈ ಎರಡೂ ದ್ವೀಪಗಳನ್ನು ತಲುಪಿದ್ದನು. ಎಳೆಯ ವಯಸ್ಸಿನಲ್ಲಿ ಇವನ್ನು ಬೇರ್ಪಡಿಸಿ ಗುರುತಿಸುವುದು ಬಹಳ ಕಷ್ಟ, ಮತ್ತು ನಾರ್ಫೋಕ್ ಎಂದು ಮಾರಾಟವಾಗುವ ಸಸಿಗಳಲ್ಲಿ ಎಷ್ಟೋ ಕುಕ್ ಪೈನ್ ಆಗಿರುತ್ತವೆ. ಮರ ಬೆಳೆದ ಮೇಲೆ ವ್ಯತ್ಯಾಸ ತಿಳಿಯುತ್ತದೆ: ನಾರ್ಫೋಕ್ ಪೈನ್ ಅಗಲವಾದ ಅಂತಸ್ತುಗಳಲ್ಲಿ ಕೊಂಬೆ ಚಾಚಿದರೆ, ಕುಕ್ ಪೈನ್ ಗಿಡ್ಡ ಕೊಂಬೆಗಳೊಡನೆ ಕಂಬದಂತೆ ಸಪೂರವಾಗಿ ಮೇಲೇರುತ್ತದೆ.

ನಮ್ಮ ಹಿತ್ತಲಿನ ಮರ ಕುಕ್ ಪೈನ್ ಎಂದು ನನಗೆ ಖಚಿತವಾದದ್ದು ಅದು ದಕ್ಷಿಣಕ್ಕೆ ವಾಲತೊಡಗಿದ ಮೇಲೆ. ಈ ಪ್ರಭೇದದ ಮರಗಳು ಭೂಮಧ್ಯರೇಖೆಯ ಕಡೆಗೆ ವಾಲುತ್ತವೆ ಎಂಬುದನ್ನು ಐದು ಖಂಡಗಳ 256 ಮರಗಳನ್ನು ಅಳೆದ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದರು. ಸರಾಸರಿ ವಾಲಿಕೆ 8.55 ಡಿಗ್ರಿ ಇತ್ತು, ಮತ್ತು ಭೂಮಧ್ಯರೇಖೆಯಿಂದ ದೂರವಾದಷ್ಟೂ ಅದು ಹೆಚ್ಚುತ್ತಿತ್ತು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ವಾಲಿಕೆ ಅಷ್ಟೊಂದು ಎದ್ದು ಕಾಣುವುದಿಲ್ಲ. ಬೇರು ಸಡಿಲವಾಗದೆ, ಬುಡದ ಮಣ್ಣು ಬಿರಿಯದೆ ಮರ ಹೀಗೆ ತುಸು ವಾಲಿದ್ದರೆ ಅದಕ್ಕೆ ಗೂಟ ಕೊಟ್ಟು ಹಗ್ಗ ಬಿಗಿಯುವ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ.

ಅರೌಕೇರಿಯಾದ ಚೆಲುವೆಲ್ಲ ಅದರ ತುದಿಯಲ್ಲಿದೆ. ನಡುಕಾಂಡದ ತುದಿಮೊಗ್ಗು ಒಂದೊಂದು ಹಂತ ಮೇಲೇರಿದಾಗಲೂ ಸುತ್ತ ಕೊಂಬೆಗಳ ಒಂದು ಬಳೆಯನ್ನು ಹೊರಡಿಸುತ್ತದೆ. ಆ ತುದಿ ಮುರಿದರೆ ಅಥವಾ ಎತ್ತರ ಹೆಚ್ಚಾಯಿತೆಂದು ಅದನ್ನು ಕತ್ತರಿಸಿದರೆ, ಕಾಂಡದಿಂದ ಎರಡು ಮೂರು ಹೊಸ ತುದಿಗಳು ಪೈಪೋಟಿಯಿಂದ ಎದ್ದು ಮರದ ಆಕಾರವೇ ಕೆಡುತ್ತದೆ; ಪಕ್ಕದ ಕೊಂಬೆ ಮಾತ್ರ ಎಂದಿಗೂ ನೆಟ್ಟಗೆ ನಿಂತು ನಡುಕಾಂಡದ ಸ್ಥಾನವನ್ನು ತುಂಬುವುದಿಲ್ಲ. ತವರಿನಲ್ಲಿ ಐವತ್ತು ಮೀಟರಿಗೂ ಮೀರಿ ಬೆಳೆಯಬಲ್ಲ ಮರವನ್ನು ವಿದ್ಯುತ್ ತಂತಿಯ ಕೆಳಗೋ ಗೋಡೆಯ ಮಗ್ಗುಲಿನಲ್ಲೋ ನೆಟ್ಟು, ಮುಂದೆ ಸವರಿ ಸರಿಪಡಿಸಿಕೊಳ್ಳುತ್ತೇನೆ ಎಂದುಕೊಳ್ಳುವುದು ಆ ಮರಕ್ಕೆ ಮಾಡುವ ಅನ್ಯಾಯ. ಲಾಲ್‌ಬಾಗಿನಲ್ಲಿ ಮುಗಿಲಿಗೆ ಚಾಚಿ ನಿಂತಿರುವ ಹಳೆಯ ಅರೌಕೇರಿಯಾಗಳನ್ನು ಒಮ್ಮೆ ಬುಡದಿಂದ ತುದಿಯವರೆಗೆ ಕಣ್ಣಿಟ್ಟು ನೋಡಿ, ಆಮೇಲೆ ಗುಂಡಿ ತೋಡುವ ಜಾಗವನ್ನು ಆರಿಸಬೇಕೆಂದು ಕೇಳಿದವರಿಗೆಲ್ಲ ಹೇಳುತ್ತೇನೆ. ನಾನು ಮನೆಯಿಂದ ಸಾಕಷ್ಟು ದೂರದಲ್ಲಿ, ಮೇಲೆ ತೆರೆದ ಆಕಾಶವಿರುವ ಕಡೆ ನೆಟ್ಟೆ. ಒಣಗಿದ ಕೊಂಬೆಗಳನ್ನು ತೆಗೆಯುವುದರ ಹೊರತು ಅದಕ್ಕೆ ಕತ್ತರಿ ಮುಟ್ಟಿಸಿಲ್ಲ.

ಥೂಜಾ ಹಾಗಲ್ಲ. ನಾವು ಅದನ್ನು ಕಾಂಪೌಂಡಿನ ಉದ್ದಕ್ಕೂ ಬೇಲಿಯಾಗಿ, ಗಿಡದಿಂದ ಗಿಡಕ್ಕೆ ಸುಮಾರು ಎರಡೂವರೆ ಅಡಿ ಬಿಟ್ಟು ನೆಟ್ಟು, ಮಳೆಗಾಲದ ಆರಂಭದಲ್ಲಿ ಮತ್ತು ಮಳೆ ನಿಂತ ಮೇಲೆ ಹಗುರಾಗಿ ಸವರುತ್ತೇವೆ. ಅಂಗೈಯಂತೆ ಚಪ್ಪಟೆಯಾಗಿ ನೆಟ್ಟಗೆ ನಿಲ್ಲುವ ಅದರ ರೆಂಬೆಗಳು ಸವರಿದಷ್ಟೂ ದಟ್ಟವಾಗುತ್ತವೆ. ಆದರೆ ಈ ಸಹನೆಗೂ ಒಂದು ಮಿತಿಯಿದೆ. ಹಸಿರು ಇರುವಷ್ಟರಲ್ಲೇ ಕತ್ತರಿ ನಿಲ್ಲಬೇಕು. ಒಳಗಿನ ಕಂದು ಬಣ್ಣದ ಬೋಳು ಕಡ್ಡಿಯವರೆಗೆ ಕತ್ತರಿಸಿದರೆ ಅಲ್ಲಿ ಮತ್ತೆ ಚಿಗುರುವುದು ತೀರ ಕಡಿಮೆ, ಆ ಕಿಂಡಿ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಬೇಲಿಯ ಮೇಲ್ಭಾಗವನ್ನು ಬುಡಕ್ಕಿಂತ ತುಸು ಕಿರಿದಾಗಿಟ್ಟರೆ ಕೆಳಗಿನ ರೆಂಬೆಗಳಿಗೂ ಬಿಸಿಲು ತಲುಪಿ, ಬುಡ ಬೋಳಾಗುವುದು ತಪ್ಪುತ್ತದೆ. ಒಳಭಾಗದ ಹಳೆಯ ಎಲೆಗಳು ಕಂದಾಗಿ ಉದುರುವುದು ಸಹಜವಾದ್ದರಿಂದ ಅದಕ್ಕೆ ಔಷಧಿ ಹೊಡೆಯಬೇಕಾಗಿಲ್ಲ. ಹೊರಗಿನ ತುದಿಗಳೇ ಮಂಕಾಗಿ ಬೂದುಗಟ್ಟಿದರೆ ಮಾತ್ರ ಎಚ್ಚರ ವಹಿಸಬೇಕು. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಒಣ ಬಿಸಿಲಿನಲ್ಲಿ ಅದು ಹೆಚ್ಚಾಗಿ ಕೆಂಪು ನುಸಿಯ ಕೆಲಸ. ಬಿಳಿ ಕಾಗದದ ಮೇಲೆ ರೆಂಬೆಯನ್ನು ತಟ್ಟಿದಾಗ ಸೂಜಿಮೊನೆಯಷ್ಟು ಚಿಕ್ಕ ಚುಕ್ಕೆಗಳು ಹರಿದಾಡಿದರೆ, ಬೆಳಗಿನ ಹೊತ್ತು ಪೈಪಿನ ನೀರನ್ನು ರಭಸವಾಗಿ ಹಾಯಿಸಿ ಕೆಲವು ದಿನ ತೊಳೆಯುತ್ತೇನೆ. ಬಹಳ ಸಲ ಅಷ್ಟೇ ಸಾಕಾಗುತ್ತದೆ.

ನೀರು, ಗೊಬ್ಬರಗಳಲ್ಲಿ ಇವೆರಡರ ನಡುವೆ ಹೆಚ್ಚಿನ ಅಂತರವಿಲ್ಲ. ಇಬ್ಬರ ಶತ್ರುವೂ ಬುಡದಲ್ಲಿ ನಿಲ್ಲುವ ನೀರೇ. ನಮ್ಮ ಕೆಮ್ಮಣ್ಣು ಮಳೆಗಾಲದಲ್ಲಿ ಅಂಟಾಗುವುದರಿಂದ ಗುಂಡಿಗೆ ಮರಳು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ಬುಡವನ್ನು ಸುತ್ತಲಿನ ನೆಲಕ್ಕಿಂತ ತುಸು ಎತ್ತರದಲ್ಲಿ ನಿಲ್ಲಿಸಿದೆ. ಮೊದಲ ಎರಡು ಬೇಸಿಗೆಗಳಲ್ಲಿ ವಾರಕ್ಕೆರಡು ಸಲ ಆಳವಾಗಿ ನೀರುಣಿಸಿ ಒಣಗಿದ ಎಲೆಯ ಹೊದಿಕೆ ಹಾಕಬೇಕಾಯಿತು. ಬೇರೂರಿದ ಮೇಲೆ ಥೂಜಾ ಒಣಹವೆಯನ್ನು ಚೆನ್ನಾಗಿ ತಾಳಿಕೊಂಡಿದೆ. ಕುಂಡದಲ್ಲಿ ಬೆಳೆಸುವವರಿಗಾದರೆ ಅರೌಕೇರಿಯಾವೇ ಮೇಲು: ಬೆಳಕಿನ ಕಿಟಕಿಯ ಬಳಿಯಿಟ್ಟು, ವಾರಕ್ಕೊಮ್ಮೆ ಕುಂಡವನ್ನು ತಿರುಗಿಸುತ್ತಿದ್ದರೆ ಮನೆಯೊಳಗೂ ವರ್ಷಗಳ ಕಾಲ ಬಾಳುತ್ತದೆ. ನೇರ ಬಿಸಿಲಿಲ್ಲದ ಕಡೆ ಥೂಜಾ ತೆಳ್ಳಗಾಗಿ ಸೊರಗುತ್ತದೆ.

ಸಸಿ ಮಾಡುವ ವಿಚಾರದಲ್ಲಿಯೂ ಅದೇ ಸ್ವಭಾವಭೇದ ಕಾಣುತ್ತದೆ. ಅರೌಕೇರಿಯಾದ ಪಕ್ಕದ ಕೊಂಬೆಯನ್ನು ನೆಟ್ಟು ಬೇರು ಬರಿಸಿದರೂ ಅದು ಅಡ್ಡಡ್ಡವಾಗಿಯೇ ಬೆಳೆಯುತ್ತದೆ, ಆದ್ದರಿಂದ ಬೀಜದ ಸಸಿಯನ್ನೇ ಕೊಳ್ಳಬೇಕು. ಥೂಜಾದ ನೀಲಿಗಟ್ಟಿದ, ಕೊಂಬುಳ್ಳ ಪುಟ್ಟ ಕಾಯಿಗಳು ಕಂದಾಗಿ ಬಿರಿಯುವ ಮುನ್ನ ಕಿತ್ತು ನೆರಳಿನಲ್ಲಿ ಒಣಗಿಸಿದರೆ ರೆಕ್ಕೆಯಿಲ್ಲದ ಬೀಜಗಳು ಸಿಗುತ್ತವೆ. ನಮ್ಮ ಬೇಲಿಯ ಅರ್ಧದಷ್ಟು ಗಿಡಗಳು ಹೀಗೆ ಮನೆಯಲ್ಲೇ ಹುಟ್ಟಿದವು. ಅರೌಕೇರಿಯಾ ಕೊಳ್ಳುವಾಗ ಕುಂಡದ ಬುಡವನ್ನು ಬೆರಳಿನಿಂದ ಕೆದಕಿ ನೋಡಬೇಕು, ಏಕೆಂದರೆ ತುಂಬಿಕೊಂಡಂತೆ ಕಾಣಲೆಂದು ಒಂದೇ ಕುಂಡದಲ್ಲಿ ಮೂರು ನಾಲ್ಕು ಸಸಿಗಳನ್ನು ಕೂಡಿಸಿ ನೆಡುವ ರೂಢಿಯಿದೆ. ನೆಲದಲ್ಲಿ ನೆಡಲು ಒಂಟಿ ಕಾಂಡದ, ತುದಿಮೊಗ್ಗು ಮುಕ್ಕಾಗದ ಗಿಡವನ್ನೇ ಆರಿಸಬೇಕು.