ಒಬ್ಬಳೇ ನಾರಾದಲ್ಲಿ: ದೊಡ್ಡ ಬುದ್ಧನಿಂದ ಅಸುರನವರೆಗೆ ಒಂದು ದಿನದ ನಡಿಗೆ

ಜಪಾನಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಕ್ಯೋಟೋದಲ್ಲಿ ಮೂರ್ನಾಲ್ಕು ದಿನ ಉಳಿದು, ನಾರಾಗೆ ಅರ್ಧ ದಿನ ಕೊಡುತ್ತಾರೆ. ಜಿಂಕೆಗಳಿಗೆ ಬಿಸ್ಕತ್ತು ಹಾಕಿ, ದೊಡ್ಡ ಬುದ್ಧನ ಮುಂದೆ ಫೋಟೋ ತೆಗೆಸಿಕೊಂಡು ಮಧ್ಯಾಹ್ನದ ಹೊತ್ತಿಗೆ ವಾಪಸ್. ನಾನು ಇಡೀ ದಿನವನ್ನು ನಾರಾಗೇ ಎತ್ತಿಟ್ಟೆ. 710ರಿಂದ 784ರವರೆಗೆ ಜಪಾನಿನ ರಾಜಧಾನಿಯಾಗಿದ್ದ ಊರು ಇದು. ಬೌದ್ಧ ಧರ್ಮದ ಜೊತೆಗೆ ನಮ್ಮ ಬ್ರಹ್ಮ, ಇಂದ್ರ, ಗರುಡ, ಗಂಧರ್ವ, ಕಿನ್ನರ ಎಲ್ಲರೂ ಚೀನಾ, ಕೊರಿಯಾ ದಾಟಿ ಇಲ್ಲಿಗೆ ಬಂದು ನಿಂತಿದ್ದಾರೆ. ಅವರನ್ನೆಲ್ಲ ನಡೆದುಕೊಂಡೇ ನೋಡಬಹುದು ಅಂತ ಗೊತ್ತಾದ ಮೇಲೆ ಅರ್ಧ ದಿನಕ್ಕೆ ಮುಗಿಸಲು ಮನಸ್ಸು ಒಪ್ಪಲಿಲ್ಲ.

ನಾನು ಹೋಗಿದ್ದು ನವೆಂಬರ್ ಕೊನೆಯಲ್ಲಿ. ಮೇಪಲ್ ಎಲೆಗಳು ಕೆಂಪಾಗಿರುವ ಕಾಲ, ಆದರೆ ಐದು ಗಂಟೆಗೆಲ್ಲ ಕತ್ತಲು. ಹಾಗಾಗಿ ಬೆಳಿಗ್ಗೆ ಬೇಗ ಹೊರಡಲೇಬೇಕು. ಕ್ಯೋಟೋದಿಂದ ನಾರಾಗೆ ಜೆಆರ್ ರೈಲೂ ಇದೆ, ಕಿನ್‌ಟೆತ್ಸು ರೈಲೂ ಇದೆ. ನಾನು ಕಿನ್‌ಟೆತ್ಸು ಹಿಡಿದೆ. ಅದರ ಸ್ಟೇಷನ್ ದೇವಸ್ಥಾನಗಳಿಗೆ ಜಾಸ್ತಿ ಹತ್ತಿರ. ಬೆನ್ನಿಗೊಂದು ಚಿಕ್ಕ ಚೀಲ, ಸುಲಭವಾಗಿ ಬಿಚ್ಚಿ ಹಾಕುವಂಥ ಶೂ, ತೂತಿಲ್ಲದ ಸಾಕ್ಸ್, ಜೇಬಿನಲ್ಲಿ ಒಂದಷ್ಟು ಚಿಲ್ಲರೆ. ಇಷ್ಟಿದ್ದರೆ ಸಾಕು.

ನನ್ನ ದಾರಿ ಹೀಗಿತ್ತು: ಮೊದಲು ದೊಡ್ಡ ಬುದ್ಧನಿರುವ ತೋದೈಜಿ ದೇವಸ್ಥಾನ, ಅಲ್ಲಿಂದ ಮೇಲೆ ಹತ್ತಿ ಅದರದೇ ನಿಗತ್ಸುದೋ ಮಂದಿರ, ಬೆಟ್ಟದ ಬುಡ ಹಿಡಿದು ಕಸುಗಾ ತೈಶಾ ದೇವಾಲಯ, ಕೊನೆಗೆ ಸ್ಟೇಷನ್ ಪಕ್ಕದ ಕೋಫುಕುಜಿ ಬೌದ್ಧ ದೇವಸ್ಥಾನ. ತುಂಬಾ ಜನ ಸ್ಟೇಷನ್ ಹತ್ತಿರ ಅಂತ ಕೋಫುಕುಜಿಯಿಂದ ಶುರು ಮಾಡುತ್ತಾರೆ. ನಾನು ತೋದೈಜಿಯಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ: ಚಳಿಗಾಲದಲ್ಲಿ ದೊಡ್ಡ ಬುದ್ಧನ ಮಂದಿರ ಎಂಟಕ್ಕೇ ತೆರೆಯುತ್ತದೆ. ಟೂರ್ ಬಸ್ಸುಗಳು ಬರುವುದು ಆಮೇಲೆ. ನಡುವಿನ ಆ ಹೊತ್ತು ಸಿಕ್ಕರೆ ಪುಣ್ಯ.

ತೋದೈಜಿಗೆ ಹೋಗುವಾಗ ಮೊದಲು ಸಿಗುವುದು ನಂದೈಮೋನ್, ಅಂದರೆ ದಕ್ಷಿಣದ ಹೆಬ್ಬಾಗಿಲು. 1180ರ ಯುದ್ಧದಲ್ಲಿ ದೇವಸ್ಥಾನ ಸುಟ್ಟುಹೋದಾಗ ಚೋಗೆನ್ ಎಂಬ ಸನ್ಯಾಸಿ ಊರೂರು ತಿರುಗಿ ದಾನ ಎತ್ತಿ ಮತ್ತೆ ಕಟ್ಟಿಸಿದರು. ಈ ಬಾಗಿಲು 1199ರದ್ದು. ಬಣ್ಣ ಹೋಗಿ ಬೂದಿಯಂತಾದ ಭಾರೀ ಕಂಬಗಳು ಚಾವಣಿಯವರೆಗೂ ನೇರವಾಗಿ ಹೋಗಿವೆ. ಎರಡೂ ಬದಿಗೆ ನಿಯೋ ಎಂಬ ದ್ವಾರಪಾಲಕರು, ಒಬ್ಬೊಬ್ಬರೂ 8 ಮೀಟರಿಗಿಂತ ಎತ್ತರ. ಒಬ್ಬನ ಬಾಯಿ ತೆರೆದಿದೆ, ಇನ್ನೊಬ್ಬನದು ಮುಚ್ಚಿದೆ. 1203ರಲ್ಲಿ ಶಿಲ್ಪಿಗಳಾದ ಉನ್ಕೇ, ಕೈಕೇ ಮತ್ತು ಅವರ ಶಿಷ್ಯರು ಮರದ ತುಂಡುಗಳನ್ನು ಜೋಡಿಸಿ ಬರೀ 69 ದಿನದಲ್ಲಿ ಇವರಿಬ್ಬರನ್ನೂ ನಿಲ್ಲಿಸಿದರು. ಕಾಲಿನ ನರ ಉಬ್ಬಿರುವುದು, ಪಕ್ಕೆಲುಬಿನ ಕೆಳಗೆ ಹೊಟ್ಟೆ ಎಳೆದುಕೊಂಡಿರುವುದು, ಗಾಳಿಗೆ ಹಾರಿದ ಉತ್ತರೀಯ, ಎಲ್ಲ ಮರದಲ್ಲಿ. ಪಾರಿವಾಳ ಬರದ ಹಾಗೆ ಮುಂದೆ ಜಾಲರಿ ಹಾಕಿದ್ದಾರೆ. ಒಂದು ಕಣ್ಣನ್ನು ಜಾಲರಿಗೆ ಹತ್ತಿರ ಹಿಡಿದು ನೋಡಿ, ಆಗ ಪೂರ್ತಿ ಕಾಣುತ್ತದೆ.

ಬಾಗಿಲು ದಾಟಿ ಹೋದರೆ ಮಂದಿರದೊಳಗೆ ಕೂತಿರುವ ದೊಡ್ಡ ಬುದ್ಧನ ಹೆಸರು ವೈರೋಚನ. ಎತ್ತರ ಸುಮಾರು 15 ಮೀಟರ್, ಎರಕ ಹೊಯ್ದ ಕಂಚು. ಸಿಡುಬು, ಬರಗಾಲ, ದಂಗೆಗಳಿಂದ ದೇಶ ನಲುಗಿದ್ದ ಕಾಲದಲ್ಲಿ, 743ರಲ್ಲಿ, ಶೋಮು ಚಕ್ರವರ್ತಿ ಇದನ್ನು ಮಾಡಿಸಲು ಆಜ್ಞೆ ಹೊರಡಿಸಿದ. 752ರಲ್ಲಿ ಕಣ್ಣು ತೆರೆಸುವ ಉತ್ಸವ ನಡೆಯಿತು. ನಮ್ಮಲ್ಲಿ ಮೂರ್ತಿ ಪ್ರತಿಷ್ಠೆಗೆ ಮುಂಚೆ ನೇತ್ರೋನ್ಮೀಲನ ಮಾಡುತ್ತಾರಲ್ಲ, ಅದೇ. ಅವತ್ತು ಕುಂಚ ಹಿಡಿದು ಬುದ್ಧನ ಕಣ್ಣಿಗೆ ಕಪ್ಪು ತುಂಬಿದ್ದು ಬೋಧಿಸೇನ, ಭಾರತದಿಂದ ಹೋಗಿದ್ದ ಸನ್ಯಾಸಿ. 736ರಲ್ಲಿ ಸಮುದ್ರ ದಾಟಿ ಜಪಾನಿಗೆ ಬಂದ ಅವರು ಮತ್ತೆ ಊರಿಗೆ ಮರಳಲಿಲ್ಲ, 760ರಲ್ಲಿ ಅಲ್ಲೇ ತೀರಿಕೊಂಡರು. ಕುಂಚಕ್ಕೆ ಉದ್ದನೆಯ ನೀಲಿ ದಾರ ಕಟ್ಟಿ, ಚಕ್ರವರ್ತಿಯ ಮನೆಯವರೂ ನೆರೆದವರೂ ಆ ದಾರ ಹಿಡಿದುಕೊಂಡಿದ್ದರಂತೆ. ಕಣ್ಣು ತೆರೆಸಿದ ಪುಣ್ಯ ಎಲ್ಲರಿಗೂ ಸೇರಲಿ ಅಂತ. ಆ ಕುಂಚ, ಆ ದಾರ ಎರಡೂ ಇವತ್ತಿಗೂ ಪಕ್ಕದ ಶೋಸೋಯಿನ್ ಭಂಡಾರದಲ್ಲಿ ಇವೆ. ಬುದ್ಧನ ಕಣ್ಣನ್ನೇ ನೋಡುತ್ತಾ ಇದನ್ನು ನೆನೆದಾಗ ನಿಜವಾಗಿ ಮೈ ಜುಮ್ಮೆಂದಿತು.

ಈಗ ಕಾಣುವ ಮುಖ ಆ ಕಾಲದ್ದಲ್ಲ. ಭೂಕಂಪಕ್ಕೆ ತಲೆ ಬಿದ್ದಿದೆ, ಬೆಂಕಿಗೆ ಕರಗಿದೆ. ಇವತ್ತಿನ ತಲೆ 17ನೇ ಶತಮಾನದ್ದು, ಮಂದಿರ 1709ರದ್ದು. ಮೊದಲಿನದಕ್ಕಿಂತ ಅಗಲದಲ್ಲಿ ಮೂರನೇ ಒಂದು ಭಾಗ ಚಿಕ್ಕದು, ಆದರೂ ಅಷ್ಟು ದೊಡ್ಡದು! ಬುದ್ಧ ಕೂತಿರುವ ಕಮಲದ ಕೆಲವು ದಳಗಳು ಮಾತ್ರ 8ನೇ ಶತಮಾನದವೇ. ಅವುಗಳ ಮೇಲೆ ಬುದ್ಧಲೋಕಗಳನ್ನು ಸಣ್ಣ ಗೆರೆಗಳಲ್ಲಿ ಕೊರೆದಿದ್ದಾರೆ. ಬೇಲೂರು, ಹಳೇಬೀಡು ನೋಡಿ ಬೆಳೆದ ನಮಗೆ ಹಳೆಯದು ಅಂದರೆ ಅಂದು ಕೆತ್ತಿದ ಕಲ್ಲೇ ಇಂದಿಗೂ ನಿಂತಿರಬೇಕು. ಇಲ್ಲಿ ಸುಟ್ಟಿದ್ದನ್ನು ಮತ್ತೆ ಕಟ್ಟುತ್ತಾ, ಮುರಿದಿದ್ದನ್ನು ಮತ್ತೆ ಎರಕ ಹೊಯ್ಯುತ್ತಾ ಬಂದಿದ್ದಾರೆ. ಯಾವ ಭಾಗ ಯಾವ ಕಾಲದ್ದು ಅಂತ ತಿಳಿದುಕೊಂಡು ನೋಡಿದರೆ ಆ ಒಂದು ಮೂರ್ತಿಯಲ್ಲಿ ಸಾವಿರ ವರ್ಷದ ಕೈಗಳು ಕಾಣುತ್ತವೆ. ಆ ದಿನ ಪೂರ್ತಿ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಇದೇ.

ಹೊರಬರುವಾಗ ಬಾಗಿಲ ಪಕ್ಕದಲ್ಲಿ ಕೆಂಪು ಟೋಪಿ, ಕೆಂಪು ಬಟ್ಟೆ ಹಾಕಿಕೊಂಡ ಒಂದು ಮರದ ಮೂರ್ತಿ ಕೂತಿದೆ. ಬಿಂಜುರು ಅಂತ ಕರೆಯುತ್ತಾರೆ. ಇವರು ಬುದ್ಧನ ಶಿಷ್ಯ ಪಿಂಡೋಲ ಭಾರದ್ವಾಜ. ನಮ್ಮ ಮೈಯಲ್ಲಿ ಎಲ್ಲಿ ನೋವಿದೆಯೋ ಮೂರ್ತಿಯ ಅದೇ ಜಾಗ ಮುಟ್ಟಿ, ಆಮೇಲೆ ನಮ್ಮ ಮೈ ಮುಟ್ಟಿಕೊಂಡರೆ ವಾಸಿಯಾಗುತ್ತದೆ ಅನ್ನುವ ನಂಬಿಕೆ. ನನ್ನ ಮುಂದಿದ್ದ ಅಜ್ಜಿ ಮಂಡಿಯನ್ನು ಸವರಿದರು, ಆಮೇಲೆ ಭುಜವನ್ನೂ ಸವರಿದರು. ನಾನು ಅಮ್ಮನಿಗೋಸ್ಕರ ಮಂಡಿ ಮುಟ್ಟಿ ಬಂದೆ.

ಗೋಶುಯಿನ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ದೇವಸ್ಥಾನಕ್ಕೆ ಬಂದ ಗುರುತಿಗೆ ಒಂದು ಪುಸ್ತಕದಲ್ಲಿ ಮುದ್ರೆ ಒತ್ತಿ, ಕುಂಚದಲ್ಲಿ ಬರೆದುಕೊಡುತ್ತಾರೆ. ಪುಸ್ತಕ ಅಲ್ಲೇ ಸಿಗುತ್ತದೆ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ ಹಾಗಿರುತ್ತದೆ. ನನ್ನ ಪುಸ್ತಕ ಹಿಡಿದ ಹಿರಿಯರು ಮೊದಲು ಕೆಂಪು ಮುದ್ರೆ ಒತ್ತಿದರು. ಆಮೇಲೆ ಕುಂಚವನ್ನು ಮಸಿಗೆ ಅದ್ದಿ, ಅಂಚಿಗೆ ಒರೆಸಿ, ಉಸಿರು ಬಿಗಿ ಹಿಡಿದು ಮೇಲಿನಿಂದ ಕೆಳಗೆ ಬರೆದರು. ಒಂದು ಗೆರೆಯ ತುದಿಯಲ್ಲಿ ಮಸಿ ತೀರಿ, ಕುಂಚದ ಕೂದಲು ಎಳೆ ಎಳೆಯಾಗಿ ಮೂಡಿತು. ಅದನ್ನು ತಿದ್ದಲಿಲ್ಲ. ಮೇಲೊಂದು ತೆಳು ಕಾಗದ ಇಟ್ಟು, ಪುಸ್ತಕ ಮುಚ್ಚಿ, ಎರಡೂ ಕೈಯಲ್ಲಿ ಕೊಟ್ಟರು. ನಾವೂ ಎರಡೂ ಕೈಯಲ್ಲೇ ತಗೋಬೇಕು. ಇಲ್ಲಿ ಮೊದಲು ಪೂಜೆ, ಆಮೇಲೆ ಮುದ್ರೆ. ನಮಸ್ಕಾರ ಮಾಡದೆ ನೇರವಾಗಿ ಕೌಂಟರಿಗೆ ಓಡುವುದು ಚೆನ್ನಾಗಿರುವುದಿಲ್ಲ.

ದೊಡ್ಡ ಮಂದಿರದ ಹಿಂದಿನಿಂದ ನಿಗತ್ಸುದೋಗೆ ಹತ್ತುವ ಕಲ್ಲುಹಾಸಿನ ದಾರಿ ನಾರಾದಲ್ಲಿ ನನಗೆ ಅತಿ ಇಷ್ಟವಾದ ಜಾಗ. ಎರಡೂ ಬದಿಗೆ ಮಣ್ಣಿನ ಗೋಡೆ, ಮೇಲಿಂದ ಇಣುಕುವ ಪರ್ಸಿಮನ್ ಹಣ್ಣಿನ ಮರ. ಜನ ಕಡಿಮೆ. ಮೇಲೆ ಹೋದರೆ ಬೆಟ್ಟದ ಬದಿಗೆ ಚಾಚಿದ ಮರದ ಜಗುಲಿ. ಅಲ್ಲಿಂದ ದೊಡ್ಡ ಮಂದಿರದ ಚಾವಣಿ, ಅದರ ತುದಿಯ ಚಿನ್ನದ ಬಣ್ಣದ ಅಲಂಕಾರ, ಇಡೀ ನಾರಾ ಊರು, ದೂರದ ಇಕೋಮಾ ಬೆಟ್ಟ ಎಲ್ಲ ಕಾಣುತ್ತವೆ. ಟಿಕೆಟ್ ಇಲ್ಲ. ಮಾರ್ಚ್ 1ರಿಂದ 14ರವರೆಗೆ ಇಲ್ಲಿ ಶುನಿ-ಎ ವ್ರತ ನಡೆಯುತ್ತದೆ. ರಾತ್ರಿ ಇದೇ ಜಗುಲಿಯ ಮೇಲೆ ದೊಡ್ಡ ಪಂಜುಗಳನ್ನು ಹಿಡಿದು ಓಡುತ್ತಾರೆ, ಕಿಡಿ ಮೈಮೇಲೆ ಬಿದ್ದರೆ ಒಳ್ಳೆಯದು ಅಂತ ಜನ ಕೆಳಗೆ ಕಾಯುತ್ತಾರೆ. 752ರಲ್ಲಿ ಶುರುವಾದ ಈ ವ್ರತ ಒಂದು ವರ್ಷವೂ ತಪ್ಪಿಲ್ಲ. ಕಟ್ಟಡ 1667ರಲ್ಲಿ ಸುಟ್ಟು 1669ರಲ್ಲಿ ಮತ್ತೆ ಎದ್ದಿತು. ಕಟ್ಟಡ ಇಲ್ಲದಾಗಲೂ ವ್ರತ ನಿಲ್ಲಲಿಲ್ಲ.

ಕೆಳಗಿರುವ ಸಾಂಗತ್ಸುದೋ ಮಂದಿರಕ್ಕೆ ಹೆಚ್ಚಿನವರು ಹೋಗುವುದೇ ಇಲ್ಲ. ದಯವಿಟ್ಟು ಹೋಗಿ. ತೋದೈಜಿಯಲ್ಲಿ ಉಳಿದಿರುವ ಕಟ್ಟಡಗಳಲ್ಲಿ ಅತಿ ಹಳೆಯದು ಇದು, 8ನೇ ಶತಮಾನದ್ದು. ಒಳಗೆ ಮಂದ ಬೆಳಕು, ಕೂರಲು ಜಾಗ ಇದೆ. ನಡುವೆ ಎಂಟು ಕೈ, ಹಣೆಗಣ್ಣು ಇರುವ ಅಮೋಘಪಾಶ ಅವಲೋಕಿತೇಶ್ವರ ಎಂಬ ಬೋಧಿಸತ್ವ. ಎರಡೂ ಬದಿಗೆ ಆಳೆತ್ತರಕ್ಕಿಂತ ಎಷ್ಟೋ ದೊಡ್ಡದಾಗಿ ಬ್ರಹ್ಮ ಮತ್ತು ಇಂದ್ರ. ಬ್ರಹ್ಮನಿಗೆ ನಾಲ್ಕು ತಲೆ ಇಲ್ಲ, ಇಂದ್ರನಿಗೆ ಐರಾವತ ಇಲ್ಲ, ಇಬ್ಬರೂ ಚೀನಾದ ದೊರೆಗಳ ಹಾಗೆ ಉದ್ದ ತೋಳಿನ ನಿಲುವಂಗಿ ತೊಟ್ಟಿದ್ದಾರೆ. ಫೋಟೋ ತೆಗೆಯುವ ಹಾಗಿಲ್ಲ. ಅದೇ ಒಳ್ಳೆಯದಾಯಿತು, ಸುಮ್ನೆ ಕೂತು ನೋಡಿದೆ.

ಊಟದ ವಿಷಯ. ಶಾಕಾಹಾರಿಗಳಿಗೆ ಜಪಾನಿನಲ್ಲಿ ತೊಂದರೆ ಕೊಡುವುದು ದಾಶಿ. ಮೀನಿನಿಂದ ತೆಗೆದ ಈ ಸಾರು ತರಕಾರಿ ನೂಡಲ್ಸಿನಲ್ಲೂ ಇರುತ್ತದೆ. ನಾರಾದ ಹೆಸರುವಾಸಿ ಪರ್ಸಿಮನ್ ಎಲೆಯ ಸುಶಿಯಲ್ಲೂ ಮೀನೇ. ನಾನು ಉಪ್ಪಿನಕಾಯಿ ಪ್ಲಮ್ ಇಟ್ಟ ಅನ್ನದ ಉಂಡೆ ಕಟ್ಟಿಸಿಕೊಂಡಿದ್ದೆ, ಜೊತೆಗೆ ಮನೆಯ ಚಟ್ನಿಪುಡಿ. ಮಧ್ಯಾಹ್ನ ಕುಜು ಗೆಡ್ಡೆಯ ಹಿಟ್ಟಿನಿಂದ ಮಾಡಿದ ಸಿಹಿ ತಿಂದೆ. ಪಕ್ಕದ ಯೋಶಿನೋ ಕಡೆಯ ಕುಜುಗೆ ತುಂಬಾ ಹೆಸರಿದೆ, ಬಾಯಿಗೆ ತಂಪಾಗಿರುತ್ತದೆ.

ಜಿಂಕೆಗಳು ದಾರಿಯುದ್ದಕ್ಕೂ ಇವೆ. ಕಸುಗಾದ ದೇವರು ತಾಕೆಮಿಕಜುಚಿ ಪೂರ್ವದ ಕಾಶಿಮಾದಿಂದ ಬಿಳಿ ಜಿಂಕೆಯ ಮೇಲೆ ಬಂದ ಅನ್ನುವ ಐತಿಹ್ಯದಿಂದ ಇವು ದೇವರ ದೂತರು. ತಲೆ ಬಾಗಿಸಿದರೆ ತಿರುಗಿ ಬಾಗಿಸುತ್ತವೆ. ಅವಕ್ಕಂತಲೇ ಮಾರುವ ಬಿಸ್ಕತ್ತು ಬಿಟ್ಟು ಬೇರೇನೂ ಕೊಡಬೇಡಿ. ಕೈಯಲ್ಲಿ ಕಾಗದದ ನಕ್ಷೆ ಇದ್ದರೆ ಒಳಗಿಡಿ, ತಿಂದುಬಿಡುತ್ತವೆ.

ಸಾಂಗತ್ಸುದೋ ಪಕ್ಕದಲ್ಲೇ ತಮುಕೆಯಾಮಾ ಹಚಿಮಾನ್ ಗುಡಿ. ಬುದ್ಧನ ಮೂರ್ತಿಯ ಕೆಲಸ ಸುಸೂತ್ರವಾಗಿ ಆಗಲಿ ಅಂತ 749ರಲ್ಲಿ ಕ್ಯೂಷು ದ್ವೀಪದ ಉಸಾದಿಂದ ಹಚಿಮಾನ್ ದೇವರನ್ನು ಕರೆತಂದರು. ಜಪಾನಿನದೇ ಹಳೆಯ ಧರ್ಮವಾದ ಶಿಂಟೋದ ದೇವರು ಬುದ್ಧನಿಗೆ ಕಾವಲು ನಿಂತ ಜಾಗ. 1868ರಲ್ಲಿ ಸರ್ಕಾರ ಶಿಂಟೋ ಮತ್ತು ಬೌದ್ಧ ಧರ್ಮವನ್ನು ಬೇರೆ ಬೇರೆ ಮಾಡುವವರೆಗೆ ಎರಡೂ ಒಂದೇ ಅಂಗಳದಲ್ಲಿ ಬಾಳಿದವು. ಅಲ್ಲಿಂದ ವಕಾಕುಸಾ ಬೆಟ್ಟದ ಬುಡದಲ್ಲೇ ನಡೆದರೆ ಕಸುಗಾ ತೈಶಾ.

768ರಲ್ಲಿ ಫುಜಿವಾರ ಮನೆತನದವರು ಕಟ್ಟಿಸಿದ ಶಿಂಟೋ ದೇವಾಲಯ ಇದು. ಹಿಂದಿನ ಕಸುಗಾ ಬೆಟ್ಟದಲ್ಲಿ 841ರಿಂದ ಮರ ಕಡಿಯುವುದು, ಬೇಟೆಯಾಡುವುದು ನಿಷೇಧ. ಊರಿಗೆ ಅಂಟಿಕೊಂಡೇ ದಟ್ಟ ಕಾಡು ಉಳಿದಿರುವುದು ಅದರಿಂದ. ದಾರಿಯ ಇಬ್ಬದಿಗೂ ಪಾಚಿ ಹಿಡಿದ ಕಲ್ಲಿನ ದೀಪಕಂಬಗಳು, ಒಳಗೆ ಸೂರಿನಡಿ ತೂಗುವ ಕಂಚಿನ ದೀಪಗಳು, ಒಟ್ಟು ಸುಮಾರು 3,000. ಎಲ್ಲ ಭಕ್ತರು ಕೊಟ್ಟಿದ್ದು. ಫೆಬ್ರವರಿಯ ಸೆತ್ಸುಬುನ್ ಹಬ್ಬದ ದಿನ ಮತ್ತು ಆಗಸ್ಟ್ 14, 15ರಂದು ಎಲ್ಲವನ್ನೂ ಹಚ್ಚುತ್ತಾರೆ, ನಮ್ಮ ಕಾರ್ತಿಕದ ದೀಪೋತ್ಸವದ ಹಾಗೆ. ಬೇರೆ ದಿನ ಹೋದವರಿಗೆ ಫುಜಿನಾಮಿನೋಯಾ ಎಂಬ ಕತ್ತಲ ಕೋಣೆಯಲ್ಲಿ ಕೆಲವು ದೀಪ ಹಚ್ಚಿಟ್ಟಿರುತ್ತಾರೆ. ಈ ದೇವಾಲಯದ ಕುಂಕುಮದ ಬಣ್ಣ ಹೊಳೆಯುತ್ತದೆ, ಚಾವಣಿಯ ಸೈಪ್ರೆಸ್ ತೊಗಟೆ ನೀಟಾಗಿದೆ. 20 ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸದು ಮಾಡುವ ಪದ್ಧತಿ ಇದೆ. 60ನೇ ಸಲದ್ದು ಮುಗಿದದ್ದು 2016ರಲ್ಲಿ.

ಶಿಂಟೋ ದೇವಾಲಯದಲ್ಲಿ ಪೂಜೆಯ ರೀತಿ ಸುಲಭ. ತೋರಣದಂಥ ತೊರೀ ಬಾಗಿಲು ದಾಟುವಾಗ ಒಮ್ಮೆ ತಲೆ ಬಾಗಿಸಿ, ದಾರಿಯ ನಡುಭಾಗ ದೇವರಿಗೆ ಬಿಟ್ಟು ಬದಿಗೆ ನಡೆಯಿರಿ. ನೀರಿನ ತೊಟ್ಟಿಯಲ್ಲಿ ಸೌಟಿನಿಂದ ಮೊದಲು ಎಡಗೈ, ಆಮೇಲೆ ಬಲಗೈ ತೊಳೆದು, ಅಂಗೈಗೆ ನೀರು ಹಾಕಿಕೊಂಡು ಬಾಯಿ ಮುಕ್ಕಳಿಸಿ. ಸೌಟಿಗೆ ಬಾಯಿ ತಾಗಿಸಬಾರದು. ದೇವರ ಮುಂದೆ ನಾಣ್ಯ ಹಾಕಿ ಎರಡು ಸಲ ಬಾಗಿ, ಎರಡು ಚಪ್ಪಾಳೆ, ಬೇಡಿಕೆ, ಮತ್ತೊಮ್ಮೆ ಬಾಗುವುದು. ಬೌದ್ಧ ದೇವಸ್ಥಾನದಲ್ಲಿ ಚಪ್ಪಾಳೆ ಇಲ್ಲ, ಬರೀ ಕೈ ಮುಗಿದರೆ ಆಯಿತು.

ಮೂರೂವರೆ ಹೊತ್ತಿಗೆ ಕೋಫುಕುಜಿ ತಲುಪಿದೆ. ಇದೂ ಫುಜಿವಾರರದ್ದೇ. 1868ರ ಆಜ್ಞೆಯ ಹೊಡೆತಕ್ಕೆ ಗೋಡೆಗಳನ್ನೂ ಕಳೆದುಕೊಂಡು ಈಗ ಪಾರ್ಕಿನ ನಡುವೆ ನಿಂತಿದೆ. 1426ರ ಐದು ಅಂತಸ್ತಿನ ಗೋಪುರದ ಸುತ್ತ ದುರಸ್ತಿಯ ಕಟ್ಟು ಇತ್ತು, ಕಾಣಲಿಲ್ಲ. ನಾನು ಬಂದಿದ್ದು ಕೊಕುಹೋಕಾನ್ ಭಂಡಾರದಲ್ಲಿರುವ ಅಸುರನಿಗಾಗಿ.

734ರ ಮೂರ್ತಿ. ಮೂರು ಮುಖ, ಆರು ಕೈ, ಎತ್ತರ 153 ಸೆಂಟಿಮೀಟರ್. ಮಣ್ಣಿನ ಅಚ್ಚಿನ ಮೇಲೆ ಮೆರುಗೆಣ್ಣೆಯಲ್ಲಿ ಅದ್ದಿದ ಸೆಣಬಿನ ಬಟ್ಟೆ ಪದರ ಪದರವಾಗಿ ಅಂಟಿಸಿ, ಒಣಗಿದ ಮೇಲೆ ಮಣ್ಣು ತೆಗೆದು ಮಾಡಿದ್ದು. ಒಳಗೆ ಟೊಳ್ಳು, ಹಾಗಾಗಿ ಹಗುರ. ಬೆಂಕಿ ಬಿದ್ದಾಗಲೆಲ್ಲ ಸನ್ಯಾಸಿಗಳು ಹೊತ್ತುಕೊಂಡು ಓಡಲು ಆಗಿದ್ದು ಅದಕ್ಕೇ. ನಾವು ಕಥೆಗಳಲ್ಲಿ ಕೇಳಿದ ಅಸುರನಿಗೆ ಕೋರೆಹಲ್ಲು, ಅಬ್ಬರ. ಇವನು ಹದಿಹರೆಯದ ಹುಡುಗ. ತೋಳುಗಳು ತೀರಾ ತೆಳ್ಳಗೆ. ಮುಂದಿನ ಮುಖದಲ್ಲಿ ಹುಬ್ಬು ಒಳಕ್ಕೆ ಎಳೆದುಕೊಂಡಿವೆ, ಕೋಪದಿಂದ ಅಲ್ಲ. ಯುದ್ಧ ಬಿಟ್ಟು ಬುದ್ಧನ ಮಾತು ಕೇಳಲು ಬಂದವನ ಮುಖ ಅದು. ಎಡಕ್ಕೆ ನಿಂತು ನೋಡಿದರೆ ಪಕ್ಕದ ಮುಖ ತುಟಿ ಕಚ್ಚಿಕೊಂಡಿರುವುದು ಕಾಣುತ್ತದೆ. ಅದೇ ಸಾಲಿನಲ್ಲಿ ಕೊಕ್ಕು ಇರುವ ಗರುಡ, ಹಣೆಯಲ್ಲಿ ಒಂದು ಕೊಂಬಿನ ಕಿನ್ನರ, ಕಣ್ಣು ಮುಚ್ಚಿದ ಗಂಧರ್ವ. ಬಾಗಿಲು ಹಾಕುವ ಹೊತ್ತಿನವರೆಗೂ ಅಲ್ಲೇ ಇದ್ದೆ. ಒಬ್ಬಳೇ ಹೋಗಿದ್ದರ ದೊಡ್ಡ ಲಾಭ ಇದು. ಮುಂದೆ ಹೋಗೋಣ ಅನ್ನುವವರು ಯಾರೂ ಇಲ್ಲ.

ಹೋರ್ಯೂಜಿ, ತೋಷೋದೈಜಿ, ಯಾಕುಷಿಜಿ ದೇವಸ್ಥಾನಗಳನ್ನೂ ಇದೇ ದಿನಕ್ಕೆ ತುರುಕಲು ಹೋಗಬೇಡಿ. ಅವು ಊರಿನ ಇನ್ನೊಂದು ಕಡೆ. ಹೋರ್ಯೂಜಿಗೆ ನಾರಾದಿಂದ ಜೆಆರ್ ರೈಲಿನಲ್ಲಿ ಹನ್ನೆರಡು ನಿಮಿಷ, ಆಮೇಲೆ ಇಪ್ಪತ್ತು ನಿಮಿಷ ನಡಿಗೆ. ಜಗತ್ತಿನಲ್ಲೇ ಅತಿ ಹಳೆಯ ಮರದ ಕಟ್ಟಡಗಳು ಅಲ್ಲಿವೆ. ಅದಕ್ಕೆ ಬೇರೆಯೇ ಒಂದು ದಿನ ಇಡಿ. ಸಾಧ್ಯವಾದರೆ ನಡುವಿನ ರಾತ್ರಿ ನಾರಾದಲ್ಲೇ ಉಳಿಯಿರಿ. ನಿಗತ್ಸುದೋ ಜಗುಲಿ ಕತ್ತಲಾದ ಮೇಲೂ ತೆರೆದೇ ಇರುತ್ತದೆ.