ಕೈಯಲ್ಲಿ ಆಧಾರ್ ಇದೆ, ಖಾತೆಯಲ್ಲಿ ದುಡ್ಡಿಲ್ಲ: ಅರ್ಜಿಗೆ ಮುಂಚೆ ನಾನು ನೋಡುವ ನಂಬರುಗಳು

ಗೃಹಲಕ್ಷ್ಮಿ ಇರಲಿ, ಸಂಧ್ಯಾ ಸುರಕ್ಷಾ ಪಿಂಚಣಿ ಇರಲಿ, ವಿಧವಾ ವೇತನ ಇರಲಿ, ಅರ್ಜಿ ಹಾಕಿಸಲು ಬಂದವರು ಮೊದಲು ಮೇಜಿನ ಮೇಲೆ ಇಡುವುದು ಆಧಾರ್ ಕಾರ್ಡು. ನಾನು ಮೊದಲು ಕೇಳುವುದು ರೇಷನ್ ಕಾರ್ಡು. ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆಯವರ ಅರ್ಜಿಗಳನ್ನು ನೋಡುತ್ತಾ ಬಂದ ಮೇಲೆ ನನಗೆ ಖಾತ್ರಿಯಾದದ್ದು ಇಷ್ಟು: ನಂಬರ್ ಇಲ್ಲ ಅಂತ ದುಡ್ಡು ನಿಲ್ಲುವುದು ಅಪರೂಪ. ಎಲ್ಲ ನಂಬರೂ ಇದ್ದು, ಅವು ಒಂದನ್ನೊಂದು ಒಪ್ಪದೆ ನಿಲ್ಲುವುದೇ ಹೆಚ್ಚು. ರೇಷನ್ ಕಾರ್ಡಿನಲ್ಲಿ ಒಬ್ಬಳು, ಆಧಾರ್‌ನಲ್ಲಿ ಇನ್ನೊಬ್ಬಳು, ಬ್ಯಾಂಕಿನಲ್ಲಿ ಮತ್ತೊಬ್ಬಳು. ಹೆಂಗಸು ಮಾತ್ರ ಒಬ್ಬಳೇ.

ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿ ಹೋಗುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ನಮೂದಾದವರಿಗೆ ಮಾತ್ರ. ಅಂತ್ಯೋದಯ, ಬಿಪಿಎಲ್, ಎಪಿಎಲ್ ಯಾವುದಾದರೂ ನಡೆಯುತ್ತದೆ, ಆದರೆ ಒಂದು ಕಾರ್ಡಿಗೆ ಒಬ್ಬರೇ. ಹಾಗಾಗಿ ಇಲ್ಲಿ ಬೀಗದ ಕೈ ಆಧಾರ್ ಅಲ್ಲ, ರೇಷನ್ ಕಾರ್ಡಿನ ನಂಬರು. ಅದೂ 12 ಅಂಕಿ, ಆಧಾರೂ 12 ಅಂಕಿ. ಗೃಹಲಕ್ಷ್ಮಿಯ ಮಾಹಿತಿಗೆಂದು ರೇಷನ್ ಕಾರ್ಡಿನ ನಂಬರನ್ನು 8147500500ಕ್ಕೆ ಎಸ್ಸೆಮ್ಮೆಸ್ ಕಳಿಸಿದರೂ ಉತ್ತರ ಬರಲಿಲ್ಲ ಎನ್ನುವವರ ಫೋನು ತೆಗೆದು ನೋಡಿ, ರೇಷನ್ ಕಾರ್ಡಿನ ನಂಬರಿನ ಜಾಗದಲ್ಲಿ ಆಧಾರ್ ನಂಬರ್ ಹೋಗಿರಬಹುದು. ಗುರುತು ಹಿಡಿಯುವುದು ಸುಲಭ. ಆಧಾರ್ ನಂಬರನ್ನು ನಾಲ್ಕು ನಾಲ್ಕಾಗಿ ಬಿಡಿಸಿ ಮುದ್ರಿಸಿರುತ್ತಾರೆ, ಅದು ಸೊನ್ನೆಯಿಂದಾಗಲಿ ಒಂದರಿಂದಾಗಲಿ ಶುರುವಾಗುವುದಿಲ್ಲ. ಅದರ ಕೊನೆಯ ಅಂಕಿ ಉಳಿದ ಹನ್ನೊಂದನ್ನು ಲೆಕ್ಕ ಹಾಕಿ ಬಂದದ್ದು; ಆದ್ದರಿಂದ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೆ ಕಂಪ್ಯೂಟರ್ ಅಲ್ಲೇ ಹಿಡಿಯುತ್ತದೆ.

ಯಜಮಾನಿ ಯಾರು ಅನ್ನುವುದರಲ್ಲಿ ಅತ್ತೆ ಸೊಸೆ ಜಗಳ ಇದ್ದೇ ಇದೆ. 2013ರ ಆಹಾರ ಭದ್ರತಾ ಕಾಯ್ದೆಯ 13ನೇ ಕಲಂ ಪ್ರಕಾರ ಮನೆಯಲ್ಲಿ 18 ದಾಟಿದ ಹೆಂಗಸರ ಪೈಕಿ ಹಿರಿಯಳೇ ಕಾರ್ಡಿನ ಯಜಮಾನಿ. ಅಂದರೆ ಅತ್ತೆ. ನಾನು ಈ ಮಾತಿನಲ್ಲಿ ತಲೆ ಹಾಕುವುದಿಲ್ಲ, ಕಾರ್ಡಿನಲ್ಲಿ ಇದ್ದದ್ದನ್ನು ಓದಿ ಹೇಳುತ್ತೇನೆ. ಅತ್ತೆ ತೀರಿಕೊಂಡಿದ್ದರೆ ದಾರಿ ಬೇರೆ. ಮರಣ ಪ್ರಮಾಣಪತ್ರ ಕೊಟ್ಟು ಅವರ ಹೆಸರು ತೆಗೆಸಿ, ಸೊಸೆಯನ್ನು ಯಜಮಾನಿ ಮಾಡಿಸಿ, ಆಮೇಲೆ ಸೊಸೆಯ ಹೆಸರಿನಲ್ಲಿ ಹೊಸ ಅರ್ಜಿ. ಹಳೆ ಅರ್ಜಿಯಲ್ಲೇ ಹೆಸರು ಬದಲಾಯಿಸಿ ಕೊಡಿ ಅಂತ ಕೇಳಿಕೊಂಡು ಬರುವವರು ಬಹಳ. ಅದು ಆಗುವ ಕೆಲಸವಲ್ಲ. ತೀರಿಕೊಂಡವರ ಖಾತೆಗೆ ದುಡ್ಡು ಬರುತ್ತಿದ್ದರೆ ಎಟಿಎಂ ಕಾರ್ಡು ಹಿಡಿದು ತೆಗೆಯಬೇಡಿ, ಮುಂದೆ ವಾಪಸ್ ಕಟ್ಟು ಎಂಬ ಮಾತು ಬರುತ್ತದೆ.

ಮೊಳಕಾಲ್ಮುರು, ಚಳ್ಳಕೆರೆ ಗಡಿಯಲ್ಲಿ ಇನ್ನೊಂದು ತೊಡಕು. ಆಂಧ್ರದ ಕಡೆಯಿಂದ ಬಂದ ಸೊಸೆಯ ಹೆಸರು ತವರಿನ ಕಾರ್ಡಿನಲ್ಲೇ ಉಳಿದಿರುತ್ತದೆ. ಒಂದು ಆಧಾರ್ ಎರಡು ರೇಷನ್ ಕಾರ್ಡಿನಲ್ಲಿ ಇರುವಂತಿಲ್ಲ. ಮೊದಲು ಅಲ್ಲಿ ಹೆಸರು ತೆಗೆಸಿದ ಪತ್ರ ತರಬೇಕು, ಆಮೇಲೆ ಆಧಾರ್‌ನ ವಿಳಾಸ ಬದಲಿಸಬೇಕು, ಆಮೇಲೆ ಇಲ್ಲಿನ ಕಾರ್ಡಿಗೆ ಸೇರಿಸಬೇಕು. ಈ ಮೂರರ ಕ್ರಮ ಹಿಂದುಮುಂದಾದರೆ ಎರಡೂ ಕಡೆ ಇಲ್ಲದ ಸ್ಥಿತಿ.

ಇನ್ನು ಹೆಸರು. ನಮ್ಮ ಕಡೆ ತಿಪ್ಪಮ್ಮ, ತಿಪ್ಪೇಸ್ವಾಮಿ, ಓಬಮ್ಮ, ಓಬವ್ವ ಇಲ್ಲದ ಊರಿಲ್ಲ. ಕನ್ನಡದಲ್ಲಿ ತಿಪ್ಪಮ್ಮ ಒಂದೇ, ಇಂಗ್ಲಿಷಿನಲ್ಲಿ ಮಾತ್ರ ಒಬ್ಬ ಗುಮಾಸ್ತ ‘ಟಿ’ ಆದ ಮೇಲೆ ‘ಎಚ್’ ಹಾಕಿರುತ್ತಾನೆ, ಇನ್ನೊಬ್ಬ ಹಾಕಿರುವುದಿಲ್ಲ. ಕಂಪ್ಯೂಟರ್ ಹೋಲಿಸುವುದು ಇಂಗ್ಲಿಷ್ ಅಕ್ಷರಗಳನ್ನು. ಗಂಡನ ಹೆಸರು ತನ್ನ ಹೆಸರಿಗೆ ಅಂಟಿಕೊಂಡಿರುವುದು, ಇನಿಷಿಯಲ್ ಒಂದು ಕಡೆ ಮುಂದೆ ಇನ್ನೊಂದು ಕಡೆ ಹಿಂದೆ ಇರುವುದು, ಹಳೆ ಕಂದಾಯ ಕಾಗದ ನೋಡಿ ‘ಕೋಂ’ (ಇಂಥವರ ಹೆಂಡತಿ ಎಂಬ ಗುರುತು) ಅನ್ನುವುದನ್ನೂ ಹೆಸರಿನೊಳಗೇ ಸೇರಿಸಿ ಬರೆದಿರುವುದು, ಇವೆಲ್ಲ ದಿನವೂ ನೋಡುವ ತಪ್ಪುಗಳು.

ಇಂಥ ಕಡೆ ಎಲ್ಲರೂ ಆಧಾರ್ ತಿದ್ದಿಸಲು ಓಡುತ್ತಾರೆ. ನಾನು ತಡೆಯುತ್ತೇನೆ. ಆಧಾರ್‌ನಲ್ಲಿ ಹೆಸರು ಜೀವಮಾನದಲ್ಲಿ ಎರಡೇ ಸಲ ತಿದ್ದಬಹುದು, ಹುಟ್ಟಿದ ದಿನಾಂಕ ಒಂದೇ ಸಲ. 2025ರ ಅಕ್ಟೋಬರ್‌ನಿಂದ ಒಂದು ತಿದ್ದುಪಡಿಗೆ 75 ರೂಪಾಯಿ, ಬೆರಳಚ್ಚು ಹೊಸದಾಗಿ ಕೊಡುವುದಾದರೆ 125. ಬ್ಯಾಂಕಿನ ಹೆಸರನ್ನಾದರೆ ಹೆಬ್ಬೆಟ್ಟು ಒತ್ತಿ, ಆಧಾರ್ ಮೂಲಕ ಗುರುತು ಖಚಿತಪಡಿಸುವ ಇ‑ಕೆವೈಸಿ ಮಾಡಿಸಿದರೆ ಆಧಾರ್‌ನಲ್ಲಿ ಇದ್ದಂತೆ ಎಳೆದುಕೊಳ್ಳುತ್ತದೆ. ರೇಷನ್ ಕಾರ್ಡಿನ ಇ‑ಕೆವೈಸಿ ನ್ಯಾಯಬೆಲೆ ಅಂಗಡಿಯಲ್ಲೇ ಆಗುತ್ತದೆ. ಹೀಗಾಗಿ ಆಧಾರ್ ಸರಿಯಿದ್ದರೆ ಉಳಿದವನ್ನು ಅದಕ್ಕೆ ಹೊಂದಿಸುವುದು. ಓಟರ್ ಐಡಿ, ಪಾಸ್‌ಬುಕ್, ರೇಷನ್ ಕಾರ್ಡು ಮೂರೂ ಒಂದು ಹೇಳಿ ಆಧಾರ್ ಒಂದೇ ಬೇರೆ ಹೇಳಿದಾಗ ಮಾತ್ರ ಆಧಾರ್ ಮುಟ್ಟುವುದು.

ಹುಟ್ಟಿದ ದಿನಾಂಕದ ಮೇಲೆ ನಿಲ್ಲುವುದು ಪಿಂಚಣಿ. ಇಂದಿರಾ ಗಾಂಧಿ ವೃದ್ಧಾಪ್ಯ ವೇತನಕ್ಕೆ 60, ಸಂಧ್ಯಾ ಸುರಕ್ಷಾಕ್ಕೆ 65. ಹಿಂದೆ ಆಧಾರ್ ಮಾಡಿಸುವಾಗ ಅಂದಾಜಿನ ಮೇಲೆ ವಯಸ್ಸು ಬರೆಸಿದವರೇ ಹೆಚ್ಚು, ಅದಕ್ಕೇ ಅರ್ಧ ಊರಿಗೆ ಜನವರಿ 1ರಂದು ಹುಟ್ಟುಹಬ್ಬ. ವಯಸ್ಸು ಕಡಿಮೆ ಬಿದ್ದಿದೆ ಅಂತ ಬಂದವರಿಗೆ ಶಾಲೆಯ ದಾಖಲೆಯೋ ಜನನ ಪ್ರಮಾಣಪತ್ರವೋ ಇದೆಯೇ ಕೇಳುತ್ತೇನೆ. ಇಲ್ಲದಿದ್ದರೆ ಇರುವ ಒಂದೇ ಅವಕಾಶವನ್ನು ಹಾಳು ಮಾಡಿಕೊಳ್ಳದೆ ಕಾಯುವುದೇ ಲೇಸು.

ಒಟಿಪಿ ಬಾರದೆ ಕೆಲಸ ನಿಲ್ಲುವುದು ಇನ್ನೊಂದು. ಆಧಾರ್ ಮಾಡಿಸುವಾಗ ಮಗನದೋ ಪಕ್ಕದ ಮನೆಯವರದೋ ನಂಬರ್ ಕೊಟ್ಟಿರುತ್ತಾರೆ. ಕಾಫಿ ತೋಟದ ಕೆಲಸಕ್ಕೆ ಮಲೆನಾಡಿಗೆ ಹೋದವರ ಸಿಮ್ಮು ರೀಚಾರ್ಜ್ ಇಲ್ಲದೆ ಸತ್ತು, ಅದೇ ನಂಬರ್ ಮುಂದೆ ಬೇರೆಯವರಿಗೆ ಹೋಗಿರುತ್ತದೆ. ಮೊಬೈಲ್ ನಂಬರ್ ಬದಲಿಸಲು ಯಾವ ದಾಖಲೆಯೂ ಬೇಡ, ಆದರೆ ಮನುಷ್ಯ ಖುದ್ದಾಗಿ ಬೆರಳು ಒತ್ತಬೇಕು. ನಾಡಕಚೇರಿ, ಕೆಲವು ಅಂಚೆ ಕಚೇರಿ, ಬ್ಯಾಂಕಿನ ಆಧಾರ್ ಕೌಂಟರಿನಲ್ಲಿ ಆಗುತ್ತದೆ. ನಡೆಯಲಾರದವರಿಗೆ ನಾನು ಹೇಳುವುದು ಪೋಸ್ಟ್‌ಮ್ಯಾನ್ ಕೇಳಿ ಅಂತ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಉಪಕರಣ ಇರುವ ಪೋಸ್ಟ್‌ಮ್ಯಾನ್ ಮನೆ ಬಾಗಿಲಲ್ಲೇ ಮೊಬೈಲ್ ನಂಬರ್ ಸೇರಿಸಿ ಕೊಡಬಲ್ಲರು.

ಬೆರಳಿನ ಕಥೆ ಕಸುಬಿನ ಕಥೆ. ಚನ್ನಗಿರಿ ಕಡೆ ಅಡಿಕೆ ಸುಲಿಯುವವರ ಬೆರಳಿಗೆ ಚೊಗರು ಹತ್ತಿ ಗೆರೆ ಮುಚ್ಚಿರುತ್ತದೆ. ಶೇಂಗಾ ಸುಲಿದು, ಮೆಕ್ಕೆಜೋಳದ ತೆನೆ ಬಿಡಿಸಿದವರ ಬೆರಳಲ್ಲಿ ಗೆರೆಯೇ ಸವೆದಿರುತ್ತದೆ. ಬೆರಳು ಒಪ್ಪದಿದ್ದಾಗ ಮಷಿನ್ ತೋರಿಸುವ ತಪ್ಪಿನ ನಂಬರ್ ಬರೆದಿಟ್ಟುಕೊಳ್ಳಿ, ಪ್ರತಿಯೊಂದಕ್ಕೂ ಮದ್ದು ಬೇರೆ. 300 ಬಂದರೆ ಬೆರಳು ಹೊಂದಲಿಲ್ಲ ಅಂತ. ಕೈ ತೊಳೆದು ಒರೆಸಿ ಬೇರೆ ಬೆರಳು ಇಡಿ, ಹೆಬ್ಬೆಟ್ಟೇ ಆಗಬೇಕೆಂದಿಲ್ಲ, ಉಂಗುರ ಬೆರಳು ಕಡಿಮೆ ಸವೆದಿರುತ್ತದೆ. 330 ಬಂದರೆ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ದಾಖಲೆ) ಲಾಕ್ ಆಗಿದೆ. ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ, ಮೊದಲು ಲಾಕ್ ತೆಗೆಯಬೇಕು. 811 ಬಂದರೆ ಆಧಾರ್‌ನಲ್ಲಿ ಬೆರಳಚ್ಚೇ ಇಲ್ಲ. ಚಿಕ್ಕವರಿದ್ದಾಗ ಮಾಡಿಸಿ ಆಮೇಲೆ ನವೀಕರಿಸದವರದು ಇದೇ ಗತಿ. 997 ಅಂದರೆ ಆಧಾರ್ ಅಮಾನತು, 998 ಅಂದರೆ ಆ ನಂಬರೇ ಸರಿಯಿಲ್ಲ. ಇವಕ್ಕೆ ನಮ್ಮ ಕೌಂಟರಿನಲ್ಲಿ ಪರಿಹಾರವಿಲ್ಲ, ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ ಆಧಾರ್ ಕೇಂದ್ರಕ್ಕೇ ಹೋಗಬೇಕು.

ಈಗ ಬ್ಯಾಂಕು. ‘ಬ್ಯಾಂಕಿಗೆ ಆಧಾರ್ ಕೊಟ್ಟೀವ್ರೀ, ಲಿಂಕ್ ಆಗೈತೆ’ ಅನ್ನುವ ಮಾತನ್ನು ನಾನು ಯಾವತ್ತೂ ನಂಬಿ ಮುಂದೆ ಹೋಗುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ಇಲ್ಲಿ ಎರಡು ಕೆಲಸ ಇವೆ, ಎರಡಕ್ಕೂ ಜನ ಲಿಂಕ್ ಅಂತಲೇ ಅನ್ನುತ್ತಾರೆ. ಒಂದು, ಖಾತೆಯ ಕೆವೈಸಿಗೆ, ಅಂದರೆ ಗುರುತಿನ ದಾಖಲೆಗೆ, ಆಧಾರ್ ಕೊಡುವುದು. ಇನ್ನೊಂದು, ಈ ಆಧಾರ್‌ಗೆ ಸರ್ಕಾರದ ದುಡ್ಡು ಬಂದರೆ ಈ ಬ್ಯಾಂಕಿಗೆ ಕಳಿಸಿ ಅಂತ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ದಾಖಲಿಸುವುದು. ಮೊದಲನೆಯದು ಆಗಿ ಎರಡನೆಯದು ಆಗದೆ ಇರಬಹುದು. ದುಡ್ಡು ಹೋಗುವುದು ಎರಡನೆಯದರ ಮೇಲೆ. ಅದಕ್ಕೆ ಬ್ಯಾಂಕಿನಲ್ಲಿ ಪ್ರತ್ಯೇಕ ಒಪ್ಪಿಗೆ ಫಾರಂ ಇದೆ, ಅದರಲ್ಲಿ ಸಹಿಯೋ ಹೆಬ್ಬೆಟ್ಟೋ ಬೇಕು.

ಇದರಿಂದ ಒಂದು ವಿಚಿತ್ರ ಹುಟ್ಟುತ್ತದೆ. ಆಧಾರ್ ಮೂಲಕ ಪಾವತಿಯಾಗುವ ಯೋಜನೆಯಲ್ಲಿ ನೀವು ಅರ್ಜಿಗೆ ಅಂಟಿಸಿದ ಪಾಸ್‌ಬುಕ್ಕಿಗೂ ದುಡ್ಡು ಬೀಳುವ ಖಾತೆಗೂ ಸಂಬಂಧ ಇರಲೇಬೇಕೆಂದಿಲ್ಲ. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕು, ಅದೂ ಕೊನೆಗೆ ಸೇರಿಸಿದ್ದು. ಜನಧನ್ ಖಾತೆಗೆ ಬರುತ್ತಿದ್ದ ದುಡ್ಡು ಒಂದು ತಿಂಗಳು ನಿಂತಿತು ಅಂದರೆ ನಾನು ಕೇಳುವ ಮೊದಲ ಪ್ರಶ್ನೆ, ‘ಅವ್ವಾ, ಇತ್ತೀಚೆಗೆ ಸಂಘದ ಸಾಲಕ್ಕೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆಗೆಸಿದ್ರಾ?’ ತೆಗೆಸುವಾಗ ಹತ್ತು ಕಡೆ ಸಹಿ ಹಾಕಿಸಿರುತ್ತಾರೆ, ಅದರಲ್ಲಿ ಈ ಒಪ್ಪಿಗೆಯೂ ಒಂದು. ದುಡ್ಡು ನಿಂತಿಲ್ಲ, ಹೊಸ ಖಾತೆಯಲ್ಲಿ ಕೂತಿದೆ. ಹಳೆ ಪಾಸ್‌ಬುಕ್ ಎಂಟ್ರಿ ಮಾಡಿಸಿ ಮಾಡಿಸಿ ಸುಸ್ತಾಗಿರುತ್ತಾರೆ.

ನೋಡುವ ವಿಧಾನ ಎರಡು. ಮೈ ಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ಒಳಗೆ ಹೋದರೆ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ; ಯಾವ ಬ್ಯಾಂಕು, ಆ್ಯಕ್ಟಿವ್ ಇದೆಯೋ ಇಲ್ಲವೋ, ಯಾವಾಗ ಬದಲಾಯಿತು ಅಂತ ತೋರಿಸುತ್ತದೆ. ಇನ್ನೊಂದು ನೇರ ಹಣ ವರ್ಗಾವಣೆ ನೋಡಲು ಇರುವ ರಾಜ್ಯ ಸರ್ಕಾರದ ಡಿಬಿಟಿ ಕರ್ನಾಟಕ ಆ್ಯಪ್. ಆಧಾರ್ ನಂಬರ್, ಒಟಿಪಿ, ನಾಲ್ಕಂಕಿಯ ಗುಪ್ತ ಸಂಖ್ಯೆ (ಎಂಪಿನ್) ಹಾಕಿದರೆ ಯಾವ ಯೋಜನೆಯ ದುಡ್ಡು ಯಾವ ದಿನ ಯಾವ ಬ್ಯಾಂಕಿಗೆ ಹೋಯಿತು ಅಂತ ಕಾಣುತ್ತದೆ. ನನಗೆ ಎರಡನೆಯದೇ ಇಷ್ಟ, ಅದನ್ನು ತೋರಿಸಿದರೆ ಬ್ಯಾಂಕಿನ ಕೌಂಟರಿನಲ್ಲಿ ವಾದ ಬೇಗ ಮುಗಿಯುತ್ತದೆ. ಎರಡಕ್ಕೂ ಆಧಾರ್‌ಗೆ ಸೇರಿದ ಮೊಬೈಲ್ ಕೈಯಲ್ಲಿರಬೇಕು.

ಪಟ್ಟಿಯಲ್ಲಿ ಬ್ಯಾಂಕು ಸರಿಯಿದ್ದೂ ದುಡ್ಡು ಹಿಂದಕ್ಕೆ ಹೋದರೆ ಖಾತೆಯೇ ಮಲಗಿರಬಹುದು. ಎರಡು ವರ್ಷ ಗ್ರಾಹಕರ ಕಡೆಯಿಂದ ವ್ಯವಹಾರವೇ ಇಲ್ಲದ ಉಳಿತಾಯ ಖಾತೆ ನಿಷ್ಕ್ರಿಯವಾಗುತ್ತದೆ. ಕೆವೈಸಿ ಹೊಸದಾಗಿ ಕೊಟ್ಟರೆ ಏಳುತ್ತದೆ. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್‌ಗೆ ಸೇರಿದ ಮೇಲೂ ಹಳೆಯ ಪಾಸ್‌ಬುಕ್ಕನ್ನೇ ಇಟ್ಟುಕೊಂಡವರಿದ್ದಾರೆ. ಅಂಥವರಿಗೆ ಮೊದಲು ಹೊಸ ಪಾಸ್‌ಬುಕ್ ತರಿಸುತ್ತೇನೆ, ಅರ್ಜಿ ಆಮೇಲೆ.

ಗೃಹಲಕ್ಷ್ಮಿಯಲ್ಲಿ ದುಡ್ಡು ಹೆಂಡತಿಗಾದರೂ ಗಂಡನ ಆಧಾರ್ ನಂಬರೂ ಬೇಕು. ಯಾಕೆಂದರೆ ಇಬ್ಬರಲ್ಲಿ ಯಾರೇ ಆದಾಯ ತೆರಿಗೆ ಕಟ್ಟಿದರೂ, ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸಿದರೂ ಅರ್ಹತೆ ಇಲ್ಲ. ಬೈಕೋ ಟ್ರ್ಯಾಕ್ಟರೋ ಸಾಲಕ್ಕೆಂದು ಯಾರೋ ಏಜೆಂಟ್ ಗಂಡನ ಹೆಸರಿನಲ್ಲಿ ರಿಟರ್ನ್ಸ್ ಹಾಕಿರುತ್ತಾನೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ, ಇತ್ತ ಅರ್ಜಿ ತೆರಿಗೆದಾರರು ಅಂತ ನಿಲ್ಲುತ್ತದೆ. ಆಗ ತೆರಿಗೆ ಕಟ್ಟುವವರಲ್ಲ ಎಂಬ ದಾಖಲೆ ಹಿಡಿದು ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ಹೋಗಬೇಕು. ಗಂಡ ತೀರಿಕೊಂಡಿದ್ದರೆ ವೈವಾಹಿಕ ಸ್ಥಿತಿಯಲ್ಲಿ ವಿಧವೆ ಅಂತ ಆರಿಸಬೇಕು. ಅದನ್ನು ಬಿಟ್ಟು ಸತ್ತವರ ಆಧಾರ್ ಹಾಕಿ ತೊಂದರೆ ತಂದುಕೊಳ್ಳಬಾರದು. ಅಂದ ಹಾಗೆ, ಈ ನೋಂದಣಿಗೆ ಅರ್ಜಿದಾರರು ದುಡ್ಡು ಕೊಡಬೇಕಾಗಿಲ್ಲ.

ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ. ಇಲ್ಲಿ ಇನ್ನೊಂದು ನಂಬರ್ ಸೇರಿಕೊಳ್ಳುತ್ತದೆ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ. ಆರ್‌ಡಿ ಅಂತ ಶುರುವಾಗಿ ಮುಂದೆ ಅಂಕಿಗಳು. ಪ್ರಮಾಣಪತ್ರ ಐದು ವರ್ಷಕ್ಕೆ ಮುಗಿಯುತ್ತದೆ, ದಿನಾಂಕ ನೋಡದೆ ಹಳೆಯದನ್ನೇ ತಂದು ಒಂದು ದಿನದ ಕೂಲಿ ಕಳೆದುಕೊಳ್ಳುತ್ತಾರೆ. ಅಂಗವಿಕಲರ ವೇತನಕ್ಕೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡು. ಅದರಲ್ಲಿನ ಶೇಕಡಾವಾರಿನ ಮೇಲೆ ಮೊತ್ತ ನಿಲ್ಲುತ್ತದೆ. ವಿಧವಾ ವೇತನಕ್ಕೆ ಗಂಡನ ಮರಣ ಪ್ರಮಾಣಪತ್ರದಲ್ಲಿರುವ ಹೆಸರೂ ಹೆಂಡತಿಯ ದಾಖಲೆಯಲ್ಲಿರುವ ಗಂಡನ ಹೆಸರೂ ಒಂದೇ ಇರಬೇಕು. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಇಲ್ಲದೆ ಎದ್ದು ಬರಬೇಡಿ, ಅದರ ಮೇಲಿನ ಸಕಾಲ ನಂಬರ್ ಇದ್ದರೆ ಮುಂದೆ ಕೇಳುವ ಬಾಯಿ ಇರುತ್ತದೆ.

ಆಧಾರೇ ಇಲ್ಲದವರು? ಈಗ ಕಡಿಮೆ, ಆದರೆ ಇದ್ದಾರೆ, ಹೆಚ್ಚಾಗಿ ಹಾಸಿಗೆ ಹಿಡಿದ ಮುದುಕರು. ಆಧಾರ್ ಕಾಯ್ದೆಯ 7ನೇ ಕಲಂ ಸರ್ಕಾರದ ನೆರವಿಗೆ ಆಧಾರ್ ಕೇಳಲು ಅವಕಾಶ ಕೊಡುತ್ತದೆ, ಅದೇ ಕಲಂ ನಂಬರ್ ಇನ್ನೂ ಸಿಗದವರಿಗೆ ಬೇರೆ ಗುರುತಿನ ದಾರಿ ಕೊಡಬೇಕು ಅಂತಲೂ ಹೇಳುತ್ತದೆ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಕಲಂ ಎತ್ತಿಹಿಡಿಯಿತು. ಆಧಾರ್ ಇಲ್ಲ ಅನ್ನುವ ಕಾರಣಕ್ಕೆ ಸವಲತ್ತು ನಿರಾಕರಿಸಬೇಡಿ ಅಂತ ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರ್ 24ರಂದು ಸುತ್ತೋಲೆ ಹೊರಡಿಸಿದೆ. ಕೌಂಟರಿನಲ್ಲಿ ಕಾನೂನು ಓದಿ ಹೇಳಿದರೆ ಕೆಲಸ ಆಗುವುದಿಲ್ಲ, ಅಲ್ಲಿನ ಕಂಪ್ಯೂಟರಿಗೆ ನಂಬರ್ ಇಲ್ಲದೆ ಮುಂದಿನ ಪುಟ ತೆರೆಯುವುದಿಲ್ಲ. ನಾನು ಮಾಡಿಸುವುದು: ಮೊದಲು ಆಧಾರ್ ನೋಂದಣಿ, ಅದು ಉಚಿತ. ಆ ಚೀಟಿಯಲ್ಲಿ 14 ಅಂಕಿಯ ನೋಂದಣಿ ಸಂಖ್ಯೆ, ಪಕ್ಕದಲ್ಲಿ ದಿನಾಂಕ ಮತ್ತು ವೇಳೆ ಇರುತ್ತದೆ. ಎರಡೂ ಸೇರಿದರೇ ಪೂರ್ತಿ. ಚೀಟಿ ಬಿಸಿಲಿಗೆ ಮಾಸುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿ. ಚೀಟಿ, ಓಟರ್ ಐಡಿ ಜೊತೆಗೆ ಬಿಳಿ ಹಾಳೆಯ ಅರ್ಜಿಯನ್ನು ತಹಶೀಲ್ದಾರ್ ಕಚೇರಿಯಲ್ಲಿ ಕೊಟ್ಟು ಮುದ್ರೆ ಹಾಕಿಸಿಕೊಳ್ಳುವುದು. 18 ದಾಟಿದವರ ಹೊಸ ನೋಂದಣಿ ಸ್ಥಳೀಯ ಪರಿಶೀಲನೆಗೆ ಹೋಗುವುದರಿಂದ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ.

ಕಾರ್ಡು ಕಳೆದಿದೆ ಅಂತ ಹೊಸದಾಗಿ ನೋಂದಣಿ ಮಾಡಿಸುವುದು ದೊಡ್ಡ ತಪ್ಪು. ಬೆರಳಚ್ಚು ಹಳೆಯದರೊಂದಿಗೆ ಹೊಂದಿ ಎರಡನೆಯದು ತಿರಸ್ಕಾರವಾಗುತ್ತದೆ, ಕಾದ ದಿನವೆಲ್ಲ ದಂಡ. ಹಳೆ ನಂಬರನ್ನು ಹೆಸರು, ಮೊಬೈಲ್ ಕೊಟ್ಟು ಜಾಲತಾಣದಲ್ಲೇ ತೆಗೆಯಬಹುದು. ಮೊಬೈಲ್ ಇಲ್ಲದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳು ಕೊಟ್ಟು.

ಜೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡಲಾಗಿ ಯಾವ ಕೆಲಸಕ್ಕೆ, ಯಾವ ದಿನಾಂಕ ಅಂತ ಪೆನ್ನಿನಲ್ಲಿ ಬರೆಸುತ್ತೇನೆ, ಅಂಕಿ ಮುಚ್ಚದ ಹಾಗೆ. ಹೆಚ್ಚಾದ ಪ್ರತಿಗಳನ್ನು ಅಂಗಡಿಯಲ್ಲಿ ಬಿಡದೆ ಹರಿದು ಹಾಕುವುದು. ಅರ್ಜಿಗೆ ಪೂರ್ತಿ ನಂಬರ್ ಬೇಕು, ಆದರೆ ಬರೀ ಗುರುತು ತೋರಿಸುವ ಕಡೆ ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಸಾಕು. ಒಟಿಪಿಯನ್ನು ಫೋನಿನಲ್ಲಿ ಕೇಳುವವರು ಯಾರೇ ಆದರೂ, ನಾನೇ ಆದರೂ, ಹೇಳಬೇಡಿ. ಎದುರಿಗೆ ಕೂತು ನೀವೇ ನೋಡಿ ಹೇಳಿ.